ಕೊಟ್ಟಿಗೆಯನ್ನೂ ವಿಚಾರಿಸುವ ಸಮಾಜಕಾರ್ಯ

1975ರ ಮಾತು. ಅಮೆರಿಕದ ಓಹಾಯೊ ರಾಜ್ಯದ ಲೈಮಾ ಪಟ್ಟಣದಲ್ಲಿ ಅಪರಾಧ ಹಿನ್ನೆಲೆಯ ಮನೋರೋಗಿಗಳಿಗೆಂದೇ ಒಂದು ಸರ್ಕಾರಿ ಆಸ್ಪತ್ರೆ ಇತ್ತು. ಅಲ್ಲಿನ ಒಂದು ವಾರ್ಡಿನ ಗಂಡಸರು ಯಾರೊಂದಿಗೂ ಬೆರೆಯುತ್ತಿರಲಿಲ್ಲ. ಒಂದು ದಿನ ಅವರಲ್ಲಿ ಕೆಲವರಿಗೆ ಗಾಯಗೊಂಡ ಹಕ್ಕಿಯೊಂದು ಸಿಕ್ಕಿತು. ಅದನ್ನು ಸಿಬ್ಬಂದಿಯ ಕಣ್ಣು ತಪ್ಪಿಸಿ ಒಳಗೆ ತಂದು ಬಚ್ಚಿಟ್ಟರು, ಹುಳುಹುಪ್ಪಟೆ ಹಿಡಿದು ತಿನ್ನಿಸಿದರು. ಹಕ್ಕಿ ಉಳಿಯಬೇಕಾದರೆ ಯಾರಾದರೂ ಆಹಾರ ತರಬೇಕು, ಎಲ್ಲರೂ ಗುಟ್ಟು ಕಾಪಾಡಬೇಕು. ಅಲ್ಲಿಯವರೆಗೆ ಒಟ್ಟಾಗಿ ಏನನ್ನೂ ಮಾಡದಿದ್ದ ಅವರು ಮೊದಲ ಸಲ ಒಂದು ಗುಂಪಿನಂತೆ ನಡೆದುಕೊಂಡರು. ಇದರ ಮಹತ್ವವನ್ನು ಗುರುತಿಸಿದವರು ಡೇವಿಡ್ ಲೀ ಎಂಬ ಮನೋವೈದ್ಯಕೀಯ ಸಮಾಜ ಕಾರ್ಯಕರ್ತ. ಆಮೇಲೆ ಅವರು ಒಂದೇ ಬಗೆಯ ಎರಡು ವಾರ್ಡುಗಳನ್ನು ಆರಿಸಿಕೊಂಡು, ಒಂದಕ್ಕೆ ಸಾಕುಪ್ರಾಣಿಗಳನ್ನು ಕೊಟ್ಟು, ಇನ್ನೊಂದನ್ನು ಹಾಗೆಯೇ ಬಿಟ್ಟು ಒಂದು ವರ್ಷ ಹೋಲಿಸಿ ನೋಡಿದರು. ಪ್ರಾಣಿಗಳಿದ್ದ ವಾರ್ಡಿನಲ್ಲಿ ಔಷಧದ ಬಳಕೆ ಅರ್ಧದಷ್ಟಿತ್ತು, ಹೊಡೆದಾಟ ಗಣನೀಯವಾಗಿ ತಗ್ಗಿತ್ತು, ಆತ್ಮಹತ್ಯೆಯ ಯತ್ನ ಒಂದೂ ನಡೆಯಲಿಲ್ಲ. ಇನ್ನೊಂದು ವಾರ್ಡಿನಲ್ಲಿ ಅಂಥ ಯತ್ನಗಳು 8 ನಡೆದವು.

ಪ್ರಾಣಿ ನೆರವಿನ ಚಿಕಿತ್ಸೆಯ ಬಗ್ಗೆ ಬರೆಯುವವರು ಈ ಪ್ರಸಂಗವನ್ನು ಪ್ರಾಣಿಯ ಪವಾಡವೆಂಬಂತೆ ಹೇಳುತ್ತಾರೆ. ಅದನ್ನು ಇನ್ನೊಂದು ರೀತಿಯಲ್ಲಿ ಓದಬೇಕು ಎನ್ನುವುದು ನನ್ನ ವಾದ. ಆ ಆಸ್ಪತ್ರೆಯಲ್ಲಿ ಹಕ್ಕಿ ಇತ್ತು, ರೋಗಿಗಳಿದ್ದರು, ವೈದ್ಯರೂ ಕಾವಲಿನವರೂ ಇದ್ದರು. ನಿಯಮ ಮುರಿದದ್ದಕ್ಕೆ ಹಕ್ಕಿಯನ್ನು ಕಿತ್ತುಕೊಂಡು ರೋಗಿಗಳನ್ನು ಗದರಿಸುವುದು ಅಲ್ಲಿ ಅತ್ಯಂತ ಸಹಜವಾದ ಪ್ರತಿಕ್ರಿಯೆ ಆಗಬಹುದಿತ್ತು. ಹಾಗಾಗದೇ ಇದ್ದುದಕ್ಕೆ ಕಾರಣ, ಮನುಷ್ಯ ಸಂಬಂಧಗಳನ್ನು ಗಮನಿಸುವುದನ್ನೇ ವೃತ್ತಿಯಾಗಿ ಕಲಿತಿದ್ದ ಒಬ್ಬರು ಅಲ್ಲಿದ್ದುದು. ಎರಡು ವಾರ್ಡುಗಳ ಆ ಹೋಲಿಕೆ ಇಂದಿನ ವೈಜ್ಞಾನಿಕ ಮಾನದಂಡಕ್ಕೆ ಸಾಲದು, ಅದರ ಅಂಕಿಗಳನ್ನು ಹಿಡಿದು ಯಾವ ಸಿದ್ಧಾಂತವನ್ನೂ ಕಟ್ಟಲಾಗದು. ಆದರೆ ಸಮಾಜ ಕಾರ್ಯಕರ್ತರ ತರಬೇತಿಯಲ್ಲಿ ಪ್ರಾಣಿಗಳಿಗೆ ಜಾಗ ಕೊಡಬೇಕೆ ಎಂಬ ಪ್ರಶ್ನೆಗೆ ಅದರಲ್ಲಿ ಸುಳಿವಿದೆ. ಜಾಗ ಕೊಡಬೇಕು. ಆ ತರಬೇತಿಯ ಮೊದಲ ಪಾಠ ಮಾತ್ರ ಸಮಾಲೋಚನೆಯ ಕೋಣೆಗೆ ನಾಯಿ ಕರೆತರುವುದು ಆಗಬಾರದು. ಎದುರಿಗೆ ಕುಳಿತವರ ಬದುಕಿನಲ್ಲಿ ಈಗಾಗಲೇ ಯಾವ ಪ್ರಾಣಿ ಇದೆ, ಅದು ಅವರಿಗೆ ಏನಾಗಿದೆ ಎಂದು ಕೇಳಲು ಕಲಿಯುವುದು ಮೊದಲು ಬರಬೇಕು. ಚಿಕಿತ್ಸೆಗೆ ಪ್ರಾಣಿಯನ್ನು ತರುವುದು ಅದರ ನಂತರದ ಪಾಠ, ಅದೂ ಎಲ್ಲರಿಗೂ ಅಲ್ಲ.

ಈ ಕ್ಷೇತ್ರ ಬೆಳೆದ ಕ್ರಮ ಇದಕ್ಕೆ ತಿರುಗುಮುರುಗಾಗಿದೆ. ನ್ಯೂಯಾರ್ಕಿನ ಮಕ್ಕಳ ಮನಶ್ಶಾಸ್ತ್ರಜ್ಞ ಬೋರಿಸ್ ಲೆವಿನ್ಸನ್ ತಮ್ಮ ನಾಯಿ ಜಿಂಗಲ್ಸ್ ಜತೆಗಿದ್ದಾಗ ಮಾತಾಡದ ಮಗುವೂ ಬಾಯಿ ಬಿಡುತ್ತದೆ ಎಂದು 1960ರ ದಶಕದ ಆರಂಭದಲ್ಲಿ ಸಹೋದ್ಯೋಗಿಗಳಿಗೆ ಹೇಳಿದಾಗ ಕೆಲವರು ನಕ್ಕರು. 1962ರಲ್ಲಿ ಅವರ ಲೇಖನ ಪ್ರಕಟವಾಯಿತು, 1969ರಲ್ಲಿ ಪುಸ್ತಕವೇ ಬಂತು. ಅಲ್ಲಿಂದ ಮುಂದೆ ಎಲ್ಲರ ಕಣ್ಣೂ ನಾಯಿಯ ಮೇಲೆ ನೆಟ್ಟಿತು. ಆಸ್ಪತ್ರೆಗೆ ನಾಯಿ, ವೃದ್ಧಾಶ್ರಮಕ್ಕೆ ನಾಯಿ, ಪರೀಕ್ಷೆಯ ದಿನಗಳಲ್ಲಿ ಕಾಲೇಜಿಗೆ ನಾಯಿ. ಸಮಾಜಕಾರ್ಯ ಶಿಕ್ಷಣ ಇದನ್ನು ಗಂಭೀರವಾಗಿ ಎತ್ತಿಕೊಂಡದ್ದು ತಡವಾಗಿ, ಮತ್ತು ಕೆಲವೇ ಕಡೆ. ಡೆನ್ವರ್ ವಿಶ್ವವಿದ್ಯಾಲಯದ ಸಮಾಜಕಾರ್ಯ ಶಾಲೆ ಮನುಷ್ಯ ಮತ್ತು ಪ್ರಾಣಿಗಳ ಬಾಂಧವ್ಯದ ಅಧ್ಯಯನಕ್ಕೆಂದೇ ಒಂದು ಸಂಸ್ಥೆ ಕಟ್ಟಿ, ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಈ ವಿಷಯದಲ್ಲಿ ಪ್ರತ್ಯೇಕ ಪ್ರಮಾಣಪತ್ರ ಕೊಡತೊಡಗಿತು. ಟೆನೆಸ್ಸಿ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ಸ್ಟ್ರ್ಯಾಂಡ್ 2002ರಲ್ಲಿ ಪಶುವೈದ್ಯಕೀಯ ಸಮಾಜಕಾರ್ಯ ಎಂಬ ಶಾಖೆಯನ್ನೇ ಆರಂಭಿಸಿದರು. ಪ್ರಾಣಿಯನ್ನು ಕಳೆದುಕೊಂಡವರ ದುಃಖ, ಪ್ರಾಣಿಹಿಂಸೆಗೂ ಮನೆಯೊಳಗಿನ ಹಿಂಸೆಗೂ ಇರುವ ನಂಟು, ಪ್ರಾಣಿ ನೆರವಿನ ಚಟುವಟಿಕೆ, ಪ್ರಾಣಿಗಳ ಆರೈಕೆ ಮಾಡುವವರ ಮನೋದಣಿವು ಈ ನಾಲ್ಕೂ ಅದರ ವ್ಯಾಪ್ತಿಯಲ್ಲಿವೆ. ಈ ನಾಲ್ಕರಲ್ಲಿ ಜನಪ್ರಿಯವಾದ ಚಿಕಿತ್ಸಾ ನಾಯಿಗೆ ಸಿಕ್ಕಿರುವುದು ಒಂದೇ ಪಾಲು ಎಂಬುದನ್ನು ಗಮನಿಸಬೇಕು. ಉಳಿದ ಮೂರಕ್ಕೂ ಸಮಾಲೋಚಕರ ಬಳಿ ಸ್ವಂತದ ಪ್ರಾಣಿ ಇರಬೇಕಾಗಿಯೇ ಇಲ್ಲ.

ಇಂಥ ಶಿಕ್ಷಣ ಎಷ್ಟು ವಿರಳ ಎಂಬುದಕ್ಕೆ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಕ್ರಿಸ್ಟಿನಾ ರಿಸ್ಲಿ-ಕರ್ಟಿಸ್ 2010ರಲ್ಲಿ ಪ್ರಕಟಿಸಿದ ಸಮೀಕ್ಷೆ ಸಾಕ್ಷಿ. ಅಮೆರಿಕದಾದ್ಯಂತ ವೃತ್ತಿನಿರತ ಸಮಾಜ ಕಾರ್ಯಕರ್ತರನ್ನು ಅವರು ಪ್ರಶ್ನಿಸಿದಾಗ, ಮೊದಲ ಭೇಟಿಯ ವಿಚಾರಣೆಯಲ್ಲಿ ಪ್ರಾಣಿಗಳ ಬಗ್ಗೆ ಕೇಳುವವರು ಸುಮಾರು ಮೂರನೇ ಒಂದು ಭಾಗ ಮಾತ್ರ ಎಂದು ಕಂಡುಬಂತು. ಚಿಕಿತ್ಸೆಯಲ್ಲಿ ಯಾವುದಾದರೊಂದು ರೀತಿ ಪ್ರಾಣಿಗಳನ್ನು ಸೇರಿಸಿಕೊಳ್ಳುವವರು ಕಾಲುಭಾಗಕ್ಕೂ ಕಡಿಮೆ. ಹಾಗೆ ಸೇರಿಸಿಕೊಳ್ಳುವವರಲ್ಲಿ ಬಹುಪಾಲು ಜನ ಅದಕ್ಕೆಂದು ಯಾವ ತರಬೇತಿಯನ್ನೂ ಪಡೆದಿರಲಿಲ್ಲ. ಮೊದಲಿನೆರಡು ಅಂಕಿಗಳಿಗಿಂತ ಹೆಚ್ಚು ಚಿಂತೆಗೀಡುಮಾಡಬೇಕಾದದ್ದು ಈ ಮೂರನೆಯದು. ನಾಯಿ ಸಾಕುವವರೆಲ್ಲರಿಗೂ ನಾಯಿ ಗೊತ್ತು ಎಂಬ ನಂಬಿಕೆಯ ಮೇಲೆ ಒಂದು ಚಿಕಿತ್ಸಾ ಪದ್ಧತಿ ನಡೆಯುತ್ತಿದೆ ಎಂದಾಯಿತು. ಮಕ್ಕಳನ್ನು ಹೆತ್ತವರೆಲ್ಲ ಮಕ್ಕಳ ಮನೋವೈದ್ಯರಾಗಬಹುದು ಎಂದು ಯಾರೂ ಒಪ್ಪುವುದಿಲ್ಲವಲ್ಲ!

ಕೇಳುವುದರಿಂದ ಏನು ಸಿಗುತ್ತದೆ? ಫ್ರಾಂಕ್ ಅಸಿಯೋನ್ ಎಂಬ ಮನಶ್ಶಾಸ್ತ್ರಜ್ಞರು ಯೂಟಾ ರಾಜ್ಯದ ಒಂದು ಆಶ್ರಯಧಾಮದಲ್ಲಿ, ಗಂಡನ ಅಥವಾ ಸಂಗಾತಿಯ ಹೊಡೆತ ತಾಳಲಾರದೆ ಬಂದಿದ್ದ 38 ಹೆಣ್ಣುಮಕ್ಕಳನ್ನು ಮಾತಾಡಿಸಿದರು. ಅವರಲ್ಲಿ ಸಾಕುಪ್ರಾಣಿ ಇದ್ದವರ ಪೈಕಿ ಶೇಕಡಾ 71 ಮಂದಿ, ತಮ್ಮ ಸಂಗಾತಿ ಆ ಪ್ರಾಣಿಯನ್ನು ಹಿಂಸಿಸುವುದಾಗಿ ಹೆದರಿಸಿದ್ದ ಅಥವಾ ಹಿಂಸಿಸಿಯೇ ಇದ್ದ, ಇಲ್ಲವೇ ಕೊಂದಿದ್ದ ಎಂದರು. 1998ರಲ್ಲಿ ಪ್ರಕಟವಾದ ಈ ಅಧ್ಯಯನ ಚಿಕ್ಕದು. ಆದರೆ ಅದು ತೆರೆದ ದಾರಿ ದೊಡ್ಡದು. ಹಿಂಸೆ ಮಾಡುವವನಿಗೆ ಹೆಂಡತಿಯ ಪ್ರೀತಿಯ ನಾಯಿ ಒಂದು ಒತ್ತೆಯಾಳು ಎಂಬುದೂ, ಆ ಪ್ರಾಣಿಯನ್ನು ಬಿಟ್ಟುಹೋಗಲಾಗದೆ ಹೆಣ್ಣುಮಕ್ಕಳು ಅಪಾಯದ ಮನೆಯಲ್ಲೇ ಉಳಿಯುತ್ತಾರೆ ಎಂಬುದೂ ಆಡಳಿತಕ್ಕೆ ಮನದಟ್ಟಾಗತೊಡಗಿತು. 2006ರಲ್ಲಿ ಮೇನ್ ರಾಜ್ಯವು ಕೌಟುಂಬಿಕ ಹಿಂಸೆಯ ರಕ್ಷಣಾದೇಶಗಳಲ್ಲಿ ಸಾಕುಪ್ರಾಣಿಯನ್ನೂ ಸೇರಿಸುವ ಕಾನೂನು ಮಾಡಿತು. ಬೇರೆ ರಾಜ್ಯಗಳು ಹಿಂಬಾಲಿಸಿದವು. 2018ರಲ್ಲಿ ಅಮೆರಿಕದ ಸಂಸತ್ತು ಪ್ರಾಣಿಗಳಿಗೂ ಜಾಗವಿರುವ ಆಶ್ರಯಧಾಮಗಳಿಗೆ ನೆರವು ಕೊಡುವ ಕಾಯ್ದೆಗೆ ಒಪ್ಪಿಗೆ ನೀಡಿತು. ಇಷ್ಟೆಲ್ಲದರ ಮೂಲದಲ್ಲಿದ್ದದ್ದು ‘ನಿಮ್ಮ ಮನೆಯಲ್ಲಿ ಪ್ರಾಣಿ ಇದೆಯೇ, ಅದಕ್ಕೆ ಏನಾದರೂ ಆಗಿದೆಯೇ’ ಎಂಬ ಪ್ರಶ್ನೆ. ಯಾವ ನಾಯಿಯೂ ಚಿಕಿತ್ಸಾ ಕೋಣೆಗೆ ಕಾಲಿಡಬೇಕಾಗಲಿಲ್ಲ.

ಈ ಪ್ರಶ್ನೆ ಕರ್ನಾಟಕಕ್ಕೆ ಬಂದಾಗ ಅದರ ಭಾರ ಬದಲಾಗುತ್ತದೆ. 2019ರ ಜಾನುವಾರು ಗಣತಿಯ ಪ್ರಕಾರ ರಾಜ್ಯದಲ್ಲಿ ಸುಮಾರು 85 ಲಕ್ಷ ದನಗಳು, 30 ಲಕ್ಷದಷ್ಟು ಎಮ್ಮೆಗಳು, ಒಂದು ಕೋಟಿಗೂ ಹೆಚ್ಚು ಕುರಿಗಳಿವೆ. ನಮ್ಮಲ್ಲಿ ಬಹುಪಾಲು ಜನರ ಬದುಕಿನ ಪ್ರಾಣಿ ಸೋಫಾದ ಮೇಲೆ ಮಲಗುವಂಥದ್ದಲ್ಲ, ಕೊಟ್ಟಿಗೆಯಲ್ಲಿ ಕಟ್ಟಿದಂಥದ್ದು. ಮಂಡ್ಯ, ಹಾಸನ, ಕೋಲಾರದ ಕಡೆಯ ಹಳ್ಳಿಯೊಂದರಲ್ಲಿ ಬೆಳಗಿನ ಜಾವ ಎದ್ದು ಸಗಣಿ ಬಾಚಿ, ಹಾಲು ಕರೆದು, ಕ್ಯಾನು ಹಿಡಿದು ಡೇರಿಗೆ ಹೋಗುವ ಹೆಂಗಸಿಗೆ ಆ ಎರಡು ಹಸುಗಳು ಏನೇನು? ಸ್ವಂತ ದುಡಿಮೆ ಎಂದು ಹೇಳಿಕೊಳ್ಳಬಹುದಾದ ಒಂದೇ ಆದಾಯ ಅವು. ದಿನಕ್ಕೆ ಎರಡು ಹೊತ್ತು ಮನೆಯಿಂದ ಆಚೆ ಬಂದು ನಾಲ್ಕು ಜನರ ಮುಖ ನೋಡಲು ಸಿಗುವ ನೆಪ. ಬಹಳಷ್ಟು ಸಲ ಹೊಟ್ಟೆಯೊಳಗಿನ ಮಾತನ್ನು ಕೇಳಿಸಿಕೊಳ್ಳುವ ಜೀವವೂ ಹೌದು. ಅವಳು ಗಂಡನ ಹೊಡೆತಕ್ಕೆ ಬೇಸತ್ತು ಸಾಂತ್ವನ ಕೇಂದ್ರಕ್ಕೋ ಸಖಿ ಕೇಂದ್ರಕ್ಕೋ ಬಂದಾಗ, ಅವಳಿಗೆ ತಕ್ಷಣಕ್ಕೆ ಉಳಿಯಲು ಜಾಗ, ಕಾನೂನಿನ ನೆರವು, ಆಪ್ತಸಮಾಲೋಚನೆ ಕೊಡಬಹುದು. ಸಂಜೆ ಹಾಲು ಕರೆಯುವವರು ಯಾರು? ಕೆಚ್ಚಲು ತುಂಬಿದ ಹಸುವನ್ನು ಕರೆಯದೆ ಬಿಟ್ಟರೆ ಬಾವು ಬರುತ್ತದೆ ಎಂಬುದು ಅವಳಿಗೆ ಗೊತ್ತು. ಸಿಟ್ಟಿನಲ್ಲಿರುವ ಗಂಡ ಹಸುವನ್ನು ಸಂತೆಗೆ ಹೊಡೆದುಕೊಂಡು ಹೋದರೆ ಕೇಳುವವರಿಲ್ಲ ಎಂಬುದೂ ಗೊತ್ತು. ಮೂರನೇ ದಿನ ಅವಳು ಮನೆಗೆ ಮರಳಿದರೆ, ಕೇಸ್ ಹಾಳೆಯಲ್ಲಿ ‘ಸಹಕರಿಸಲಿಲ್ಲ’ ಎಂದೋ ‘ರಾಜಿಯಾದರು’ ಎಂದೋ ಬರೆದು ಮುಗಿಸುವುದು ಸುಲಭ. ಸರಿಯಾದ ತರಬೇತಿ ಪಡೆದವರು ಮೊದಲ ಗಂಟೆಯಲ್ಲೇ ಕೇಳಬೇಕಾದ ಮಾತು ಬೇರೆ: ‘ಮನೇಲಿ ದನಕರ ಇದಾವಾ ಅಕ್ಕಾ? ನೀವು ಇಲ್ಲಿದ್ದಾಗ ಯಾರು ನೋಡ್ಕೊಳ್ತಾರೆ? ಡೇರಿ ಬಟವಾಡೆ ಯಾರ ಕೈಗೆ ಬರುತ್ತೆ?’ ಈ ಮೂರು ಪ್ರಶ್ನೆಗಳಿಂದ ಅವಳ ಭಯ, ಅವಳ ಆರ್ಥಿಕ ಸ್ಥಿತಿ, ಅವಳು ಹಿಂದಿರುಗುವ ಸಾಧ್ಯತೆ ಎಲ್ಲವೂ ತಿಳಿಯುತ್ತವೆ. ಹಸುವನ್ನು ತವರಿಗೋ ನೆರೆಯವರ ಕೊಟ್ಟಿಗೆಗೋ ಸಾಗಿಸುವ ಏರ್ಪಾಡು ಅವಳ ಸುರಕ್ಷತಾ ಯೋಜನೆಯ ಒಂದು ಭಾಗವಾಗುತ್ತದೆ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಒಂಟಿಯಾಗಿ ಬೆಕ್ಕಿನೊಂದಿಗೆ ಬದುಕುವ ನಿವೃತ್ತರ ವಿಷಯದಲ್ಲೂ ತರ್ಕ ಇದೇ: ಆಸ್ಪತ್ರೆಗೆ ಸೇರಿ ಎಂದರೆ ಅವರು ಏಕೆ ಒಪ್ಪುವುದಿಲ್ಲ ಎಂಬುದಕ್ಕೆ ಉತ್ತರ ಆ ಬೆಕ್ಕೂ ಆಗಿರಬಹುದು.

ಪ್ರಾಣಿ ಸತ್ತಾಗಿನ ದುಃಖವನ್ನೂ ನಮ್ಮ ಪಠ್ಯಗಳು ದುಃಖವೆಂದು ಎಣಿಸುವುದಿಲ್ಲ. ಬ್ರಿಟನ್ನಿನಲ್ಲಿ 2001ರಲ್ಲಿ ಕಾಲುಬಾಯಿ ಜ್ವರ ಹರಡಿದಾಗ ರೋಗ ತಡೆಗೆಂದು 60 ಲಕ್ಷಕ್ಕೂ ಹೆಚ್ಚು ಜಾನುವಾರುಗಳನ್ನು ಕೊಲ್ಲಲಾಯಿತು. ಅತಿ ಹೆಚ್ಚು ಪೆಟ್ಟು ತಿಂದ ಕಂಬ್ರಿಯಾ ಪ್ರಾಂತ್ಯದಲ್ಲಿ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಮ್ಯಾಗಿ ಮಾರ್ಟ್ ಮತ್ತು ಸಂಗಡಿಗರು 54 ಮಂದಿಯಿಂದ ವಾರವಾರ ದಿನಚರಿ ಬರೆಸಿದರು. ರೈತರಷ್ಟೇ ಅಲ್ಲದೆ ಪಶುವೈದ್ಯರು, ಕೊಲ್ಲುವ ಮತ್ತು ಹೂಳುವ ಕೆಲಸಕ್ಕೆ ನಿಂತವರು ಕೂಡ ಆ ದಿನಚರಿಗಳಲ್ಲಿ ಮರುಕಳಿಸುವ ನೆನಪುಗಳು, ಅಪನಂಬಿಕೆ, ದಿಕ್ಕು ತಪ್ಪಿದ ಭಾವನೆಗಳನ್ನು ದಾಖಲಿಸಿದರು. ಪರಿಹಾರದ ಹಣ ಬಂದಮೇಲೂ ಅವು ಹೋಗಲಿಲ್ಲ. ನಮ್ಮಲ್ಲಿ 2022ರಲ್ಲಿ ಚರ್ಮಗಂಟು ರೋಗ ಉತ್ತರ ಕರ್ನಾಟಕದಿಂದ ಹಳೇ ಮೈಸೂರಿನವರೆಗೆ ಹರಡಿ ಸಾವಿರಾರು ಹಸು, ಎತ್ತು, ಕರುಗಳು ಸತ್ತವು. ಸರ್ಕಾರ ಪರಿಹಾರ ಘೋಷಿಸಿತು, ಲಸಿಕೆ ಅಭಿಯಾನ ನಡೆಯಿತು, ಜಾನುವಾರು ಸಂತೆಗಳು ನಿಂತವು. ಮೈಮೇಲೆಲ್ಲ ಗಂಟೆದ್ದು, ಕಾಲು ಬಾತು, ಮೇವು ಮುಟ್ಟದೆ ದಿನಗಟ್ಟಲೆ ನರಳಿ ಸತ್ತ ಎತ್ತನ್ನು ಕಣ್ಣಾರೆ ಕಂಡ ಮನೆಗಳಿಗೆ ಹೋಗಿ ಕೂರುವುದು ಮಾತ್ರ ಯಾರ ಕೆಲಸದ ಪಟ್ಟಿಯಲ್ಲೂ ಇರಲಿಲ್ಲ. ರೈತರ ಆತ್ಮಹತ್ಯೆಯ ಬಗ್ಗೆ ಇಷ್ಟು ವರ್ಷ ಮಾತಾಡುತ್ತಿರುವ ರಾಜ್ಯದಲ್ಲಿ ಈ ಲೋಪ ಸಣ್ಣದಲ್ಲ. ಸಾಲ, ಮಳೆ, ಬೆಲೆ ಎಂದು ವಿಚಾರಿಸುವ ಹಾಗೆಯೇ ‘ಎತ್ತುಗಳು ಇದಾವಾ, ಮಾರಿದಿರಾ, ಯಾವಾಗ ಮಾರಿದಿರಿ’ ಎಂದು ವಿಚಾರಿಸಬೇಕು. ಜೋಡೆತ್ತು ಮಾರಿ ಬಂದ ರೈತ ಒಳಗೊಳಗೇ ಕುಸಿಯುತ್ತಿದ್ದಾನೆ ಎಂಬುದು ಹಳ್ಳಿಯ ಹಿರಿಯರಿಗೆ ತಿಳಿದಿರುತ್ತದೆ. ಅದನ್ನು ಎಂ.ಎಸ್.ಡಬ್ಲ್ಯು. ಎಂಬ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಓದಿ ಬಂದವರಿಗೂ ತಿಳಿಸಬೇಕು.

ಎರಡನೆಯ ಹಂತ, ಅಂದರೆ ಚಿಕಿತ್ಸೆಗೆ ಪ್ರಾಣಿಯನ್ನೇ ಕರೆತರುವುದು, ಹೆಚ್ಚು ವಿವಾದದ್ದು. ಪುರಾವೆ ಎಲ್ಲಿದೆ ಎಂಬ ಮೊದಲ ಆಕ್ಷೇಪ ನ್ಯಾಯವಾದದ್ದು. ಎರಿಕಾ ಫ್ರೀಡ್‌ಮನ್ 1980ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಎಲ್ಲೆಡೆ ಉಲ್ಲೇಖವಾಗುತ್ತದೆ. ಹೃದಯದ ಸಮಸ್ಯೆಗೆ ಆಸ್ಪತ್ರೆ ಸೇರಿ ಬಂದ 92 ಮಂದಿಯಲ್ಲಿ, ಸಾಕುಪ್ರಾಣಿ ಇದ್ದ 53 ಜನರ ಪೈಕಿ ವರ್ಷದೊಳಗೆ ತೀರಿಕೊಂಡವರು 3. ಇಲ್ಲದ 39 ಜನರ ಪೈಕಿ 11. ಮೂವತ್ತು ವರ್ಷದ ನಂತರ, 2010ರಲ್ಲಿ, ಆಸ್ಟ್ರೇಲಿಯಾದ ಗಾರ್ಡನ್ ಪಾರ್ಕರ್ ಮತ್ತು ಸಂಗಡಿಗರು ಅದೇ ಪ್ರಶ್ನೆ ಎತ್ತಿಕೊಂಡಾಗ ಫಲಿತಾಂಶ ಉಲ್ಟಾ ಬಂತು: ಸಾಕುಪ್ರಾಣಿ ಇದ್ದವರಲ್ಲೇ, ಅದರಲ್ಲೂ ಬೆಕ್ಕು ಸಾಕಿದವರಲ್ಲಿ, ಸಾವು ಅಥವಾ ಮರುದಾಖಲಾತಿ ಹೆಚ್ಚಿತ್ತು. ಮನುಷ್ಯ–ಪ್ರಾಣಿ ಸಂಬಂಧವನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಹಾಲ್ ಹರ್ಜೋಗ್ ಇದನ್ನೆಲ್ಲ ಒಟ್ಟಿಗಿಟ್ಟು ನೋಡಿ, ಸಾಕುಪ್ರಾಣಿ ಆರೋಗ್ಯಕ್ಕೆ ಒಳ್ಳೆಯದು ಎಂಬುದು ಸಾಬೀತಾದ ಸತ್ಯವಲ್ಲ, ಇನ್ನೂ ಪರೀಕ್ಷೆಯಲ್ಲಿರುವ ಊಹೆ ಎಂದರು. ಕ್ಯಾನ್ಸರ್ ಪೀಡಿತ ಮಕ್ಕಳ ಮೇಲೆ ಅಮೆರಿಕದ 5 ಆಸ್ಪತ್ರೆಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗ ಇನ್ನೂ ಬೋಧಪ್ರದ. ನಾಯಿಯ ಭೇಟಿ ಪಡೆದ ಮಕ್ಕಳ ಆತಂಕ ಕಡಿಮೆಯಾಯಿತು, ನಿಜ. ಆದರೆ ನಾಯಿ ಬಾರದೆ ಮಾಮೂಲು ಆರೈಕೆಯಷ್ಟೇ ಪಡೆದ ಮಕ್ಕಳ ಆತಂಕವೂ ಕಡಿಮೆಯಾಗಿತ್ತು. ಹೋಲಿಕೆಯ ಗುಂಪು ಇಲ್ಲದಿದ್ದರೆ ಎಲ್ಲ ಶ್ರೇಯಸ್ಸೂ ನಾಯಿಗೆ ಸಲ್ಲುತ್ತಿತ್ತು. ವ್ಯತ್ಯಾಸ ಕಂಡದ್ದು ಇನ್ನೊಂದು ಕಡೆ, ಮಕ್ಕಳ ಪಕ್ಕದಲ್ಲಿ ಕುಳಿತ ತಂದೆತಾಯಿಗಳ ಒತ್ತಡದಲ್ಲಿ.

ಈ ಆಕ್ಷೇಪವನ್ನು ಒಪ್ಪಿಕೊಂಡೇ ನಾನು ತರಬೇತಿ ಬೇಕು ಎನ್ನುತ್ತಿದ್ದೇನೆ. ಪುರಾವೆ ಎಲ್ಲ ಕಡೆ ಗಟ್ಟಿಯಾಗಿದ್ದರೆ ಒಂದು ಕೈಪಿಡಿ ಕೊಟ್ಟು ಕಳಿಸಬಹುದಿತ್ತು. ಅದು ಚೂರುಚೂರಾಗಿ, ಕೆಲವು ಸಂದರ್ಭಗಳಿಗೆ ಮಾತ್ರ ಅನ್ವಯಿಸುವಂತೆ ಇರುವುದರಿಂದಲೇ ಯಾವುದಕ್ಕೆ ಯಾವುದು ಎಂದು ತೂಗಿ ನೋಡಬಲ್ಲವರು ಬೇಕು. ಆಂಡ್ರಿಯಾ ಬೀಟ್ಜ್ ಮತ್ತು ಸಂಗಡಿಗರು ಯೂರೋಪಿನಲ್ಲಿ ನಡೆಸಿದ ಪ್ರಯೋಗದಲ್ಲಿ, ಹಿರಿಯರ ಮೇಲೆ ಭರವಸೆ ಕುದುರದೆ ಬೆಳೆದ ಗಂಡುಮಕ್ಕಳಿಗೆ ಅಪರಿಚಿತರೆದುರು ಕಥೆ ಹೇಳುವ, ಲೆಕ್ಕ ಮಾಡುವ ಕಷ್ಟದ ಕೆಲಸ ಕೊಟ್ಟು, ಪಕ್ಕದಲ್ಲಿ ಒಮ್ಮೆ ನಾಯಿ, ಒಮ್ಮೆ ಸ್ನೇಹಪರ ವ್ಯಕ್ತಿ, ಒಮ್ಮೆ ಬೊಂಬೆ ನಾಯಿಯನ್ನು ಬೇರೆಬೇರೆ ಗುಂಪುಗಳಿಗೆ ಇಟ್ಟು ನೋಡಿದರು. ಎಂಜಲಿನಲ್ಲಿ ಅಳೆದ ಒತ್ತಡದ ಹಾರ್ಮೋನು ನಾಯಿ ಇದ್ದ ಗುಂಪಿನಲ್ಲಿ ಕಡಿಮೆ ಇತ್ತು. ನಾಯಿಯನ್ನು ಎಷ್ಟು ಹೊತ್ತು ಸವರಿದ್ದರೋ ಅಷ್ಟಕ್ಕಷ್ಟು ಇಳಿದಿತ್ತು. ಹೊಡೆತ ಮತ್ತು ವಂಚನೆಯಿಂದ ದೊಡ್ಡವರ ಮೇಲೆ ನಂಬಿಕೆ ಕಳೆದುಕೊಂಡ ಮಗುವಿನೊಂದಿಗೆ ಕೆಲಸ ಮಾಡುವ ಬಾಲಮಂದಿರದ ಸಮಾಜ ಕಾರ್ಯಕರ್ತರಿಗೆ ಇದು ಉಪಯೋಗಕ್ಕೆ ಬರುವ ತಿಳಿವಳಿಕೆ. ನಾಯಿಯೇ ಆಗಬೇಕೆಂದೂ ಇಲ್ಲ. ಪರ್ಡ್ಯೂ ವಿಶ್ವವಿದ್ಯಾಲಯದ ನ್ಯಾನ್ಸಿ ಎಡ್ವರ್ಡ್ಸ್ ಮತ್ತು ಆಲನ್ ಬೆಕ್, ಮರೆಗುಳಿ ಕಾಯಿಲೆಯ ವೃದ್ಧರಿರುವ ಆರೈಕೆ ಕೇಂದ್ರಗಳ ಊಟದ ಕೋಣೆಯಲ್ಲಿ ಮೀನಿನ ತೊಟ್ಟಿ ಇರಿಸಿದರು. ಊಟದ ಮೇಜಿನಲ್ಲಿ ಕೂರಲಾರದೆ ಎದ್ದು ಅಲೆಯುತ್ತಿದ್ದವರು ಮೀನು ನೋಡುತ್ತ ಕುಳಿತರು, ಹೆಚ್ಚು ಉಂಡರು, 16 ವಾರಗಳಲ್ಲಿ ಸರಾಸರಿ ಒಂದೂವರೆ ಪೌಂಡಿಗೂ ಹೆಚ್ಚು ತೂಕ ಗಳಿಸಿದರು. ಕಚ್ಚದ, ಬೊಗಳದ, ಯಾರನ್ನೂ ಹೆದರಿಸದ ಮೀನು, ಅಳೆಯಬಹುದಾದ ಒಂದು ಗುರಿ. ಒಳ್ಳೆಯ ಕೆಲಸಕ್ಕೆ ಇದಕ್ಕಿಂತ ಸರಳ ಮಾದರಿ ನನಗೆ ಕಾಣುತ್ತಿಲ್ಲ.

ಪ್ರಾಣಿಯ ಕಡೆಯಿಂದಲೂ ಆಕ್ಷೇಪವಿದೆ, ಮತ್ತು ಅದು ನನಗೆ ಎಲ್ಲಕ್ಕಿಂತ ಭಾರವಾದದ್ದು. ಸಮಾಜಕಾರ್ಯದ ನೀತಿಸಂಹಿತೆ ಒಪ್ಪಿಗೆ ಇಲ್ಲದೆ ಯಾರ ಮೇಲೂ ಏನನ್ನೂ ಮಾಡಬಾರದು ಎನ್ನುತ್ತದೆ. ಪ್ರಾಣಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವುದಿಲ್ಲ. ಆದರೆ ಒಲ್ಲೆ ಎನ್ನುವುದನ್ನು ಅದು ಮೈಯಿಂದ ಹೇಳುತ್ತದೆ, ಓದಲು ಬರಬೇಕು ಅಷ್ಟೆ. ಹಸಿವಿಲ್ಲದಾಗ ತುಟಿ ನೆಕ್ಕುವುದು, ನಿದ್ದೆ ಇಲ್ಲದಾಗ ಆಕಳಿಸುವುದು, ಮುಖ ಪಕ್ಕಕ್ಕೆ ತಿರುಗಿಸಿ ಕಣ್ಣಿನ ಬಿಳಿಭಾಗ ಕಾಣುವಂತೆ ಓರೆಯಾಗಿ ನೋಡುವುದು, ಬಾಲ ಕಾಲೊಳಗೆ ಸೇರಿಸುವುದು, ಸೆಕೆಯಿಲ್ಲದಿದ್ದರೂ ಏದುಸಿರು ಬಿಡುವುದು, ಮೈ ಬಿಗಿಹಿಡಿದು ಕಲ್ಲಿನಂತೆ ನಿಲ್ಲುವುದು: ಇವೆಲ್ಲ ನಾಯಿಯ ಆತಂಕದ ಸೂಚನೆಗಳು. ಮಗು ಕತ್ತು ತಬ್ಬಿಕೊಂಡಾಗ ನಾಯಿ ಅಲ್ಲಾಡದೆ ನಿಂತರೆ ನೋಡುವವರು ‘ಎಷ್ಟು ಸಾಧು’ ಎನ್ನುತ್ತಾರೆ. ಅದು ಸಹಿಸಿಕೊಳ್ಳುತ್ತಿರಬಹುದು, ಮುಂದಿನ ಕ್ಷಣ ಸಹಿಸದೆಯೂ ಇರಬಹುದು. ಪ್ರಾಣಿಯ ಕಷ್ಟ ಓದಲಾರದವರ ಕೈಯಲ್ಲಿ ಮಗುವಿಗೂ ರಕ್ಷಣೆ ಇಲ್ಲ. ಇನ್ನೂ ಒಂದು ವಿಷಯ: ನೋವುಂಡ ಮಗುವಿನ ಎದುರು, ಬೇಡವೆನ್ನುವ ಪ್ರಾಣಿಯನ್ನು ಹಿಡಿದು ನಿಲ್ಲಿಸಿದರೆ, ಬೇಡವೆಂದರೂ ಬಲವಂತ ನಡೆಯುತ್ತದೆ ಎಂಬ ಪಾಠವನ್ನೇ ಆ ಮಗುವಿಗೆ ಮತ್ತೊಮ್ಮೆ ಕಲಿಸಿದಂತಾಗುತ್ತದೆ. ‘ನಾಯಿಗೆ ಈಗ ಸುಸ್ತಾಗಿದೆ, ಬಿಡೋಣ’ ಎಂದು ಅದನ್ನು ಹೊರಗೆ ಕಳಿಸುವ ಸಮಾಲೋಚಕರು ಆ ಮಗುವಿಗೆ ಕೊಡುವ ತಿಳಿವಳಿಕೆ ಯಾವ ಉಪದೇಶದಿಂದಲೂ ಸಿಗದು. ಈ ಕ್ಷೇತ್ರದ ಅಂತರರಾಷ್ಟ್ರೀಯ ಒಕ್ಕೂಟ 2014ರಲ್ಲಿ ಹೊರಡಿಸಿದ ಶ್ವೇತಪತ್ರ ಚಿಕಿತ್ಸೆಗೆ ಸಾಕುಪ್ರಾಣಿಗಳು ಮಾತ್ರ, ವನ್ಯಜೀವಿಗಳು ಬೇಡ ಎಂದು ಖಚಿತವಾಗಿ ಹೇಳಿದೆ. ಡಾಲ್ಫಿನ್ ಚಿಕಿತ್ಸೆಯ ಹೆಸರಲ್ಲಿ ಪೋಷಕರಿಂದ ದೊಡ್ಡ ಮೊತ್ತ ವಸೂಲಿ ಮಾಡುವ ವ್ಯಾಪಾರ ಕೆಲವು ದೇಶಗಳಲ್ಲಿ ಬೆಳೆದಿದೆ. ಆ ಚಿಕಿತ್ಸೆಯನ್ನು ಮೊದಲು ಪ್ರಯೋಗಿಸಿದವರಲ್ಲಿ ಒಬ್ಬರಾದ ಬೆಟ್ಸಿ ಸ್ಮಿತ್ ಅವರೇ ಅದನ್ನು ಕೈಬಿಟ್ಟು ವಿರೋಧಿಸಿದರು. ಭಾರತ 2013ರಲ್ಲಿ ಡಾಲ್ಫಿನ್ ಪ್ರದರ್ಶನಾಲಯಗಳಿಗೇ ಅವಕಾಶ ನಿರಾಕರಿಸಿದ್ದು ಒಳ್ಳೆಯದಾಯಿತು.

ನಮ್ಮ ನೆಲದ ಆಕ್ಷೇಪವೂ ಒಂದಿದೆ. ರೇಬಿಸ್‌ನಿಂದ ದೇಶದಲ್ಲಿ ವರ್ಷಕ್ಕೆ 5,700ಕ್ಕೂ ಹೆಚ್ಚು ಜನ ಸಾಯುತ್ತಾರೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇತ್ತೀಚಿನ ಅಂದಾಜು ಹೇಳುತ್ತದೆ. ಕರ್ನಾಟಕ 2022ರಲ್ಲಿ ರೇಬಿಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿತು. ಶಾಲೆಗೆ ನಡೆದು ಹೋಗುವ ಬಡ ಮಕ್ಕಳಿಗೆ ಬೀದಿನಾಯಿ ನಿತ್ಯದ ಭಯ. ಅಂಥಲ್ಲಿ ನಾಯಿಯಿಂದ ಚಿಕಿತ್ಸೆ ಎನ್ನುವುದು ಸ್ಥಿತಿವಂತರ ಮಾತು ಎಂದು ಯಾರಾದರೂ ಹೇಳಿದರೆ ಅವರನ್ನು ತಳ್ಳಿಹಾಕಲಾಗದು. ಕೆಲವು ಮನೆತನಗಳಲ್ಲಿ, ಕೆಲವು ಧರ್ಮಾಚರಣೆಗಳಲ್ಲಿ ನಾಯಿಯ ಎಂಜಲು ತಾಗುವುದು ನಿಷಿದ್ಧ. ಅಲರ್ಜಿ, ಉಬ್ಬಸ ಇರುವವರಿದ್ದಾರೆ. ಈ ಎಲ್ಲವೂ ಮೊದಲ ಭೇಟಿಯಲ್ಲೇ ಕೇಳಿ ತಿಳಿಯಬೇಕಾದ ಸಂಗತಿಗಳು, ಮತ್ತು ಬೇಡವೆಂದವರಿಗೆ ಬೇಡ ಎಂಬಲ್ಲಿಗೆ ಮಾತು ಮುಗಿಯಬೇಕು. ಕಚ್ಚಿಸಿಕೊಂಡ ಮಗುವಿನ ಭಯವೂ ಪ್ರಾಣಿಯೊಂದಿಗಿನ ಸಂಬಂಧವೇ. ಅದನ್ನು ಕೇಳಿಸಿಕೊಳ್ಳುವುದೂ, ಚುಚ್ಚುಮದ್ದಿನ ಎಲ್ಲ ಸುತ್ತುಗಳು ಮುಗಿದಿವೆಯೇ ಎಂದು ನೋಡುವುದೂ ಇದೇ ತರಬೇತಿಯೊಳಗೆ ಬರುತ್ತವೆ.

ಇನ್ನುಳಿದದ್ದು ಹಣ ಮತ್ತು ಜನಬಲದ ಪ್ರಶ್ನೆ. ನಿಮ್ಹಾನ್ಸ್ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, ಬಹುತೇಕ ಮಾನಸಿಕ ಕಾಯಿಲೆಗಳಲ್ಲಿ ಚಿಕಿತ್ಸೆ ಸಿಗದವರ ಪ್ರಮಾಣ ಶೇಕಡಾ 70ಕ್ಕೂ ಮೇಲೆ ಎಂದು ಕಂಡುಕೊಂಡಿತು. ಮಾತ್ರೆಯೇ ತಲುಪದ ಕಡೆ ಮೀನಿನ ತೊಟ್ಟಿಯೇ ಎಂದು ಕೇಳುವುದು ಸಹಜ. ಆದರೆ ಮೊದಲ ಹಂತಕ್ಕೆ, ಅಂದರೆ ಪ್ರಾಣಿಯ ಬಗ್ಗೆ ಕೇಳುವುದಕ್ಕೆ, ಬಿಡಿಗಾಸೂ ಬೇಡ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎಂಬ ರಾಷ್ಟ್ರೀಯ ಮಾದರಿ 1985ರಲ್ಲಿ ರೂಪುಗೊಂಡದ್ದು ನಮ್ಮ ಬಳ್ಳಾರಿಯಲ್ಲೇ. ಆ ಕಾರ್ಯಕ್ರಮದ ತಂಡದಲ್ಲಿ ಇಂದು ಮನೋವೈದ್ಯಕೀಯ ಸಮಾಜ ಕಾರ್ಯಕರ್ತರ ಹುದ್ದೆ ಇದೆ. ಅವರ ಕೇಸ್ ಹಿಸ್ಟರಿಯ ಹಾಳೆಯಲ್ಲಿ ಕುಟುಂಬದ ಸದಸ್ಯರು, ಆದಾಯ, ಚಟ, ಕಾಯಿಲೆ ಇವುಗಳ ಜತೆಗೆ ಜಾನುವಾರು ಮತ್ತು ಸಾಕುಪ್ರಾಣಿ ಎಂದು ಒಂದು ಸಾಲು ಸೇರಿಸಲು ಬಜೆಟ್ ಬೇಕಿಲ್ಲ. ದೀರ್ಘಕಾಲದ ಮನೋರೋಗದಿಂದ ಚೇತರಿಸಿಕೊಳ್ಳುತ್ತಿರುವ ಯುವಕನಿಗೆ ಪುನರ್ವಸತಿ ಎಂದರೆ ಮೊಂಬತ್ತಿ ಮಾಡುವುದೇ ಆಗಬೇಕಿಲ್ಲ. ಮನೆಯ ಕುರಿಮರಿಗೆ ಸೊಪ್ಪು ಹಾಕುವ ಹೊಣೆ ದಿನಕ್ಕೆ ಒಂದು ಗೊತ್ತಾದ ಹೊತ್ತನ್ನು, ಗೊತ್ತಾದ ಕೆಲಸವನ್ನು, ಮನೆಯವರ ಕಣ್ಣಲ್ಲಿ ಒಂದಿಷ್ಟು ಬೆಲೆಯನ್ನು ಹಿಂದಕ್ಕೆ ತರಬಹುದು. ಹಾಗೆ ಸೂಚಿಸುವವರಿಗೆ ಆ ಯುವಕನ ಸ್ಥಿತಿಯೂ ಗೊತ್ತಿರಬೇಕು, ಕುರಿಯ ಕ್ಷೇಮವೂ ಮುಖ್ಯವೆನಿಸಬೇಕು.

ನಿಯಮದ ಚೌಕಟ್ಟು ಕೂಡ ಅರ್ಧ ಸಿದ್ಧವಿದೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017, ಮನೋವೈದ್ಯಕೀಯ ಸಮಾಜ ಕಾರ್ಯಕರ್ತ ಎನಿಸಿಕೊಳ್ಳಲು ಸಮಾಜಕಾರ್ಯದ ಸ್ನಾತಕೋತ್ತರ ಪದವಿಯ ಮೇಲೆ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್. ಬೇಕು, ಅದರಲ್ಲಿ ಮೇಲ್ವಿಚಾರಣೆಯ ಚಿಕಿತ್ಸಾ ತರಬೇತಿ ಇರಬೇಕು ಎಂದು ವಿಧಿಸಿದೆ. 2021ರ ಸಂಯುಕ್ತ ಆರೋಗ್ಯ ವೃತ್ತಿಗಳ ಕಾಯ್ದೆ ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜ ಕಾರ್ಯಕರ್ತರನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ಪ್ರಾಣಿಯನ್ನು ಚಿಕಿತ್ಸೆಗೆ ಬಳಸುವ ಅಧಿಕಾರಕ್ಕೂ ಇಷ್ಟೇ ಬಿಗಿಯಾದ ಅರ್ಹತೆ ಬೇಕು. ಅಮೆರಿಕದ ಆಪ್ತಸಮಾಲೋಚಕರ ಸಂಘ 2016ರಲ್ಲಿ ಇದಕ್ಕೆ ಬೇಕಾದ ಜ್ಞಾನ, ಕೌಶಲ, ಮನೋಧರ್ಮಗಳನ್ನು ಪಟ್ಟಿ ಮಾಡಿತು. ಪ್ರಾಣಿಯ ವರ್ತನೆ ಮತ್ತು ಆರೋಗ್ಯದ ಅರಿವು, ಪ್ರಾಣಿಯ ಹಿತಕ್ಕಾಗಿ ಚಿಕಿತ್ಸೆ ನಿಲ್ಲಿಸುವ ಬದ್ಧತೆ ಅದರಲ್ಲಿವೆ. ನಮ್ಮಲ್ಲಿ ಮಂಗಳೂರಿನ ರೋಶನಿ ನಿಲಯದಂಥ ಹಳೆಯ ಸಮಾಜಕಾರ್ಯ ಶಾಲೆಗಳಿವೆ, ಧಾರವಾಡ, ಮೈಸೂರು, ಬೆಂಗಳೂರಿನ ವಿಶ್ವವಿದ್ಯಾಲಯಗಳಲ್ಲಿ ವಿಭಾಗಗಳಿವೆ, ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜು, ಬೀದರಿನಲ್ಲಿ ಅದರ ವಿಶ್ವವಿದ್ಯಾಲಯ ಇದೆ. ಎಂ.ಎಸ್.ಡಬ್ಲ್ಯು. ವಿದ್ಯಾರ್ಥಿಗಳು ವಾರದಲ್ಲಿ ಎರಡು ದಿನ ಫೀಲ್ಡ್‌ವರ್ಕ್‌ಗೆ ಆಸ್ಪತ್ರೆ, ಶಾಲೆ, ಕಾರ್ಖಾನೆಗಳಿಗೆ ಹೋಗುತ್ತಾರೆ. ಅವರಲ್ಲಿ ಕೆಲವರನ್ನು ತಾಲ್ಲೂಕಿನ ಪಶು ಆಸ್ಪತ್ರೆಗೆ ಕಳಿಸಿದರೆ, ಸಾಯುತ್ತಿರುವ ಹಸುವಿನ ಪಕ್ಕ ನಿಂತ ಕುಟುಂಬಗಳನ್ನು ಅವರು ಅಲ್ಲಿ ಕಾಣುತ್ತಾರೆ, ಪಶುವೈದ್ಯರಿಗೂ ಮಾತಾಡಲು ಒಬ್ಬರು ಸಿಗುತ್ತಾರೆ. ಮೊದಲ ಹಂತದ ಪಾಠ ಎಲ್ಲ ವಿದ್ಯಾರ್ಥಿಗಳಿಗೂ ಕಡ್ಡಾಯವಾಗಲಿ. ಎರಡನೆಯದನ್ನು ಆಸಕ್ತ ಕೆಲವರಿಗೆ, ಪದವಿಯ ನಂತರ, ಪಶುವೈದ್ಯರೂ ಸಮಾಜಕಾರ್ಯದ ಅಧ್ಯಾಪಕರೂ ಸೇರಿ ಕಲಿಸಲಿ, ಪ್ರಾಣಿಯನ್ನೂ ಕಾರ್ಯಕರ್ತರನ್ನೂ ಜತೆಯಾಗಿ ಪರೀಕ್ಷಿಸಲಿ. ಅಂಥ ಪರೀಕ್ಷೆಯೊಂದು ರೂಪುಗೊಳ್ಳುವವರೆಗೆ ಚಿಕಿತ್ಸೆ ಎಂಬ ಹೆಸರಿನಲ್ಲಿ ಬಾಲಮಂದಿರಗಳಿಗಾಗಲಿ ವಿಶೇಷ ಶಾಲೆಗಳಿಗಾಗಲಿ ಯಾರೂ ಪ್ರಾಣಿ ಕರೆದೊಯ್ಯಲು ಇಲಾಖೆಗಳು ಅನುಮತಿ ಕೊಡಬಾರದು.